ಗುದ್ದುವ ಜಾತಿ

“ಗುದ್ದುತ್ತೋ, ಚುಚ್ಚುತ್ತೋ?” ಸಾಕುಮೀನಿನ ಅಂಗಡಿಯಾಕೆ ಕೇಳಿದಳು.

ಹಲ್ಲಿನ ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ, ಬಿಳಿ ಕೋಟು ಕಳಚಿಟ್ಟು, ಪರಿಚಯದವರ ಕಣ್ಣಿಗೆ ಬೀಳದಂತೆ ಹಿಂದಿನ ಬೀದಿಯಿಂದ ಬಂದು, ಮ್ಯಾಂಟಿಸ್ ಸಿಗಡಿ ಸಾಕಲು ತೊಟ್ಟಿ ಬೇಕೆಂದಿದ್ದ.

“ಮ್ಯಾಂಟಿಸ್ ಸಿಗಡಿಯಲ್ಲಿ ಎರಡು ಜಾತಿ ಸರ್. ಒಂದು ಮುಂಗಾಲು ಬೀಸಿ ಗುದ್ದುತ್ತೆ, ಚಿಪ್ಪು ಪುಡಿಪುಡಿ. ಇನ್ನೊಂದು ಮರಳಲ್ಲಿ ಹೂತುಕೊಂಡು ಮೀನನ್ನ ಚುಚ್ಚಿ ಹಿಡಿಯುತ್ತೆ. ಒಂದರ ಮನೆ ಇನ್ನೊಂದಕ್ಕೆ ಆಗಲ್ಲ.”

“ಗುದ್ದುತ್ತೆ,” ಎಂದ. ತಡೆದು ಸೇರಿಸಿದ, “ನನ್ನದಲ್ಲ. ಗೆಳೆಯನೊಬ್ಬನದು.”

ಯಾವ ಗೆಳೆಯ ಎಂದು ಆಕೆ ಕೇಳಲಿಲ್ಲ. ಸದ್ಯ ಎನ್ನಿಸಿತು ಅವನಿಗೆ.

ಪ್ರಾಣಿ ಅವನದೇ. ಕ್ಲಿನಿಕ್ಕಿನ ಎಕ್ಸ್‌ರೇ ಕೋಣೆಯಲ್ಲಿ, ಮುಚ್ಚಿದ ಬಕೆಟ್ಟಿನಲ್ಲಿ ನಾಲ್ಕು ದಿನದಿಂದ ಇತ್ತು. ಬೆರಳುದ್ದದ ಹಸಿರು ಮೈ, ಕೆಂಪು ಕಾಲು, ಒಂದೊಂದು ದಿಕ್ಕಿಗೆ ಹೊರಳುವ ಕಣ್ಣು. ಇಕ್ಕಳದಲ್ಲಿ ಏಡಿಯ ತುಂಡು ಹಿಡಿದರೆ ಬಂದು ಕಿತ್ತುಕೊಂಡು ಹೋಗುತ್ತಿತ್ತು. ಕೊಲ್ಲಬೇಕೆಂದು ಒಮ್ಮೆ ಇಕ್ಕಳ ಎತ್ತಿದ್ದ. ಆಗಲಿಲ್ಲ. ಅದನ್ನು ಕೊಲ್ಲುವ ಧೈರ್ಯವಿರಲಿಲ್ಲ. ಅದರ ವಿಷಯ ಮನೆಯಲ್ಲಿ ಬಾಯಿಬಿಡುವ ಧೈರ್ಯವೂ ಇರಲಿಲ್ಲ.

ರೋಗಿಗಳು ಕಾಯುವ ಹಾಲ್‌ನಲ್ಲಿ ಅವನ ದೊಡ್ಡ ಅಕ್ವೇರಿಯಂ ಇತ್ತು. ಸಮುದ್ರದ ನೀರು, ಸಮುದ್ರದ ಕಲ್ಲು, ಬಸವನಹುಳು, ಹದಿಮೂರು ಮೀನು. ಅದರ ಪಕ್ಕದ ಕುರ್ಚಿ ಮಾವನದು, ಎಂದರೆ ಹೆಂಡತಿಯ ತಂದೆಯದು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿ ಮಗಳ ಮನೆಗೆ ಬಂದವರು. ಬೆಳಿಗ್ಗೆ ಅಳಿಯನ ಜೊತೆಗೇ ಕ್ಲಿನಿಕ್ಕಿಗೆ ಬಂದು ಮೀನಿಗೆ ಆಹಾರ ಹಾಕುವುದು ಅವರ ಕೆಲಸ. ಅಷ್ಟೊಂದು ಚಿಕ್ಕ ಕೆಲಸಕ್ಕೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು.

ಮೊದಲು ಬಸವನಹುಳುಗಳು ಕಾಣೆಯಾದವು. ಆಮೇಲೆ ಮೀನು, ಒಂದೊಂದಾಗಿ.

“ಒಳಗೆ ಏನೋ ಟಕ್ ಅನ್ನುತ್ತೆ,” ಎಂದಿದ್ದರು ಮಾವ.

“ನಿಮ್ಮ ಕಿವಿಯಲ್ಲಿ ಇನ್ನೂ ಗಡಿಯಾರ ಓಡ್ತಿದೆ ಮಾವ,” ಎಂದಿದ್ದ ಅವನು. ಹಾಲ್‌ನಲ್ಲಿದ್ದವರೆಲ್ಲ ನಕ್ಕಿದ್ದರು. ಮಾವನೂ ನಕ್ಕಿದ್ದರು.

ಎಲ್ಲಕ್ಕಿಂತ ಚೆಂದದ ಹಳದಿ ಮೀನು ಸತ್ತು ತೇಲಿದ ದಿನ ಅವನ ತಾಳ್ಮೆ ತಪ್ಪಿತು. ಅದೇ ಹಾಲ್, ಐದಾರು ರೋಗಿಗಳು. “ಎಷ್ಟು ಸುರಿತೀರಿ ಮಾವ? ಹಾಕಿದ್ದು ಮರೆತು ಮತ್ತೆ ಹಾಕ್ತೀರಿ. ನಿಮ್ಮ ಕೈಗೆ ಏನು ಕೊಟ್ಟರೂ ಹಾಳು.”

“ಒಂದು ಮಾತು...” ಎಂದು ಮಾವ ಎದ್ದು ನಿಂತಿದ್ದರು.

“ಒಂದೂ ಬೇಡ. ನಾಳೆಯಿಂದ ಬರಬೇಡಿ.”

ಅವರು ಮೀನಿನ ಆಹಾರದ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಮೇಜಿನ ಮೇಲಿಟ್ಟು ಹೋದರು. ಆ ವಾರದ ಕೊನೆಗೆ ಹಿರಿಯ ಮಗಳ ಮನೆಗೇ ಹೊರಟರು. ಅಂದಿನಿಂದ ಹೆಂಡತಿ ತಟ್ಟೆ ಇಟ್ಟು “ಊಟ” ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದಳು.

ಮಾವ ಹೋದ ಮೇಲೂ ಎರಡು ಮೀನು ಕಾಣೆಯಾದವು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ನಾಲ್ಕು ದಿನದ ಹಿಂದೆ ತೊಟ್ಟಿ ತೊಳೆಯಲು ಕಲ್ಲು ಎತ್ತಿದಾಗ, ಅದರ ತೂತಿನ ಬಾಯಲ್ಲಿ ಒಡೆದ ಚಿಪ್ಪುಗಳ ಗುಡ್ಡೆ. ಒಳಗಿನಿಂದ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಕೊಂಡ ಕಲ್ಲಿನೊಳಗೇ ಅಡಗಿ ಬಂದಿದ್ದ ಪ್ರಾಣಿ. ಅವನ ಮುಖ ಉರಿಯತೊಡಗಿತು. ಆ ಉರಿ ಇನ್ನೂ ಆರಿರಲಿಲ್ಲ.

“ಆ ಚಿಕ್ಕದು ಸಾಲದೇ?” ಅಂಗಡಿಯ ಕಪಾಟಿನ ಗಾಜಿನ ತೊಟ್ಟಿ ತೋರಿಸಿದ. ಎಕ್ಸ್‌ರೇ ಕೋಣೆಯ ಬೀರುವಿನಲ್ಲಿ ಹಿಡಿಸುವಷ್ಟಿತ್ತು.

“ಗಾಜು ಬೇಡ ಸರ್, ಸಿಟ್ಟು ಬಂದರೆ ಬಿರುಕು ಬಿಡೋ ಹಾಗೆ ಗುದ್ದುತ್ತೆ. ಅಕ್ರಿಲಿಕ್ ಪ್ಲಾಸ್ಟಿಕ್ಕೇ ಬೇಕು. ಮೇಲೆ ಗಟ್ಟಿ ಮುಚ್ಚಳ, ಒಳಗೆ ಕಲ್ಲು, ಅಡಗೋಕೆ ಅದರ ಮೈಯುದ್ದದ ಪೈಪು. ಎಂಬತ್ತು ಲೀಟರಿಗೆ ಕಡಿಮೆ ಬೇಡ. ಜೊತೆಗೆ ಬೇರೆ ಜೀವ ಬಿಡಬಾರದು.”

“ಯಾರಿಗೂ ಕಾಣದ ಹಾಗೆ ಇಡಬೇಕಾಗಿತ್ತು.”

“ಬಚ್ಚಿಟ್ಟು ಸಾಕೋ ಪ್ರಾಣಿ ಅಲ್ಲ ಅದು,” ಎನ್ನುತ್ತಾ ಆಕೆ ಕೌಂಟರಿನ ಹಿಂದಿನಿಂದ ಬಟ್ಟೆ ಹೊದಿಸಿದ್ದೊಂದನ್ನು ಎಳೆದಳು. ಅಕ್ರಿಲಿಕ್ ತೊಟ್ಟಿ. ಮುಚ್ಚಳ, ಪೈಪು, ಎಲ್ಲ ಸಿದ್ಧ. ಹೇಳಿ ಮಾಡಿಸಿದಂತಿತ್ತು.

ಅವನು ಅದನ್ನು ಬಹಳ ಹೊತ್ತು ನೋಡಿದ. ಇಷ್ಟು ದೊಡ್ಡದು ಕ್ಲಿನಿಕ್ಕಿನಲ್ಲಿ ಒಂದೇ ಕಡೆ ಹಿಡಿಸುತ್ತಿತ್ತು: ಹಾಲ್‌ನಲ್ಲಿ, ಆ ಕುರ್ಚಿಯ ಪಕ್ಕ. ಅಲ್ಲಿಟ್ಟರೆ ಬಂದವರೆಲ್ಲ ಇದೇನು ಎಂದು ಕೇಳುತ್ತಾರೆ. ಹೆಂಡತಿಯೂ ಕೇಳುತ್ತಾಳೆ. ಹೇಳಬೇಕಾಗುತ್ತದೆ. ಆಮೇಲೆ ಷಡ್ಡಕನ ಮನೆಗೆ ಹೋಗಿ, ಮಾವನ ಎದುರು ನಿಂತು, ತಾನು ಹೇಳಿದ್ದೆಲ್ಲ ತಪ್ಪು ಎನ್ನಬೇಕಾಗುತ್ತದೆ.

“ಇದನ್ನೇ ಕೊಡಿ,” ಎಂದ.

ಆಕೆ ತೊಟ್ಟಿಗೆ ಹಗ್ಗ ಕಟ್ಟಿಕೊಟ್ಟಳು. “ಕ್ಲಿನಿಕ್ ಮೆಟ್ಟಿಲು ಹತ್ತುವಾಗ ಹುಷಾರು ಸರ್. ಅಕ್ರಿಲಿಕ್‌ಗೆ ಗೀರು ಬೇಗ ಬೀಳುತ್ತೆ.”

ಅವನು ಕ್ಲಿನಿಕ್ಕಿನ ಮಾತೇ ಎತ್ತಿರಲಿಲ್ಲ.

“ನಿಮಗೆ ಯಾರು ಹೇಳಿದ್ದು?”

“ನಿಮ್ಮ ಮಾವನವರು. ಎರಡು ತಿಂಗಳಾಯ್ತು. ಅಕ್ವೇರಿಯಂ ಕಲ್ಲಿನೊಳಗೆ ಇಂಥದ್ದು ಕಂಡೆ, ಏನಮ್ಮ ಮಾಡೋದು ಅಂತ ಬಂದಿದ್ರು. ಅರ್ಧ ದಿನ ಕೂತು ಈ ತೊಟ್ಟಿ ಆರಿಸಿದ್ದು ಅವರೇ. ನಾಳೆ ಅಳಿಯಂದಿರಿಗೆ ಹೇಳಿ ಕರ್ಕೊಂಡು ಬರ್ತೀನಿ ಅಂದ್ರು. ಮಾರನೇ ದಿನ ಒಬ್ಬರೇ ಬಂದ್ರು.”

“ಬಂದು?”

“ತೊಟ್ಟಿ ತೆಗೆದಿಟ್ಟಿರಮ್ಮ ಅಂದ್ರು. ಈಗ ನಾನೇ ಆ ಪ್ರಾಣಿ ತೋರಿಸಿಕೊಟ್ಟರೆ ಅಳಿಯಂದಿರ ಮೇಲೆ ಗೆದ್ದ ಹಾಗಾಗುತ್ತೆ, ಮಗಳ ಗಂಡನ ಮೇಲೆ ಗೆದ್ದು ನನಗೇನಾಗಬೇಕು? ಅವರಾಗೇ ಕಂಡುಕೊಂಡು ಬರ್ತಾರೆ. ಬಂದಾಗ ಏನೂ ಕೇಳಬೇಡಿ ಅಂದ್ರು. ಪಾಪ, ಮರ್ಯಾದೆಗೆ ಅಂಜೋ ಮನುಷ್ಯ ಅಂದ್ರು.”