ಟೇಪಿನ ತುಕ್ಕು

"ಕಾಂತಾ, ಬಂದು ನೋಡೇ, ಹೇಗೆ ಫಳಫಳ ಅಂತಿದೆ!" ಎಂದು ವೆಂಕಟರಾಮು ಟೇಪನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೂರು ಬೆರಳಗಲದ ಪಟ್ಟಿ ಗಾಜಿನಂತೆ ತಿಳಿಯಾಗಿತ್ತು. ಬೆಳಗಿನಿಂದ ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿದ ಬಟ್ಟೆ ಹಿಡಿದು ಉಜ್ಜಿ ಸೊಂಟ ಬಿದ್ದುಹೋಗಿತ್ತು. ಬಕೆಟ್ಟಿನಲ್ಲಿ ಕಂದು ರಾಡಿ ನಿಂತಿತ್ತು.

ಕತಾರಿನ ಮೆಸಯೀದ್‌ನ ಕಾರ್ಖಾನೆಯಲ್ಲಿ ಪೈಪುಗಳಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದೇ ಅವನ ಉದ್ಯೋಗ. ಸಮುದ್ರದ ಉಪ್ಪುಗಾಳಿಯ ಜೊತೆ ಗುದ್ದಾಡಿ ಗುದ್ದಾಡಿ, ಕಂದು ಬಣ್ಣ ಕಂಡರೆ ಸಾಕು, ಅವನ ಕೈ ತುರಿಸುತ್ತಿತ್ತು. ಅಂಥವನ ಮನೆಗೆ, ಗುಜರಿ ಅಂಗಡಿಯಲ್ಲಿ ಸಿಕ್ಕಿತೆಂದು ಭಾವಮೈದುನ ಗಿರಿಧರ್ ಈ ಹಳೆಯ ಟಿ.ವಿ. ಟೇಪಿನ ಸುರುಳಿ ಕಳಿಸಿದ್ದ.

ಎಂಟನೇ ವಯಸ್ಸಿನಲ್ಲಿ ಕಾಂತಾಮಣಿ ಟಿ.ವಿ.ಯಲ್ಲಿ ಹಾಡಿದ್ದಳಂತೆ. ಸ್ಟುಡಿಯೋದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರಂತೆ. ಮದುವೆಯಾದ ದಿನದಿಂದ ಇದನ್ನು ಕೇಳಿ ಕೇಳಿ ಅವನು, "ಸಾಕ್ಷಿ ಎಲ್ಲಿ?" ಎಂದು ರೇಗಿಸುತ್ತಲೇ ಬಂದಿದ್ದ. ಈಗ, ಡಬ್ಬಿಯ ಮೇಲೆ ಅವಳ ಹೆಸರು ಹೊತ್ತು, ಸಾಕ್ಷಿಯೇ ವಿಮಾನ ಹತ್ತಿ ಬಂದಿತ್ತು. ಅದನ್ನು ಓಡಿಸುವ ಓಬೀರಾಯನ ಕಾಲದ ಯಂತ್ರ, ದೋಹಾದ ಚಾನೆಲ್ಲೊಂದರಲ್ಲಿ ಹಳೆಯ ಟೇಪುಗಳನ್ನು ಕಾಯುವ ಪುತ್ತೂರಿನ ಅಶ್ರಫ್ ಬಳಿ ಇತ್ತು.

ಜುಮಾ ನಮಾಝ್ ಮುಗಿಸಿ ಟೇಪು ಒಯ್ಯಲು ಬಂದ ಅಶ್ರಫ್ ಬಾಗಿಲಲ್ಲೇ ನಿಂತುಬಿಟ್ಟ.

"ಎಂತ ಮಾಡಿದಿರಿ ಮಾರಾಯ್ರೆ?"

"ತುಕ್ಕು ತೆಗೆದೆ."

"ಆ ತುಕ್ಕಲ್ಲೇ ಅಲ್ವಾ ಚಿತ್ರ, ಹಾಡು ಎಲ್ಲ ಇರುವುದು! ಎಪ್ಪತ್ತು ವರ್ಷದ ಹಿಂದೆ ಟಿ.ವಿ.ಗೆ ಅಂತ ಟೇಪು ಮಾಡ್ಲಿಕ್ಕೆ ಹೊರಟವರು, ಆ ಪುಡಿ ಉದುರದ ಹಾಗೆ ಅಂಟಿಸ್ಲಿಕ್ಕೆ ಎಷ್ಟು ತಲೆ ಕೆಡಿಸಿಕೊಂಡಿದ್ದಾರೆ ಗೊತ್ತುಂಟಾ? ನೀವು ಒಂದೇ ಶುಕ್ರವಾರದಲ್ಲಿ ಖಲಾಸ್ ಮಾಡಿಬಿಟ್ರಲ್ಲ!"

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ವೆಂಕಟರಾಮು ಮೆಲ್ಲನೆ ತಿರುಗಿದ. ಅಡುಗೆಮನೆಯ ಬಾಗಿಲಲ್ಲಿ ಕಾಂತಾಮಣಿ ಸೌಟು ಹಿಡಿದು ನಿಂತಿದ್ದಳು. ಬೇಕೆಂದೇ ಮಾಡಿದೆ ಅಂದುಕೊಳ್ಳುತ್ತಾಳೆ, ಇಷ್ಟು ವರ್ಷ ರೇಗಿಸಿದವನನ್ನು ಯಾರು ತಾನೇ ನಂಬುತ್ತಾರೆ? ಅವನಿಗೆ ನಿಜವಾಗಿಯೂ ಅಳು ಬಂತು.

"ಎಷ್ಟು ಹೋಯ್ತು?" ಅವಳು ಅಶ್ರಫ್‌ನನ್ನೇ ಕೇಳಿದಳು.

"ಶುರುವಿನದ್ದು ಮಾತ್ರ ಅಕ್ಕಾ. ಪಲ್ಲವಿ ಹೋಗಿರಬಹುದು. ಹೆದರಬೇಡಿ, ಚರಣದಿಂದ ಆಚೆಗೆ ಎಲ್ಲ ಹಾಗೇ ಉಂಟು. ಇವತ್ತೇ ಹಾಕಿ ತೋರಿಸ್ತೇನೆ" ಎಂದು ಧೈರ್ಯ ಹೇಳಿ, ಸುರುಳಿ ಇಡಲು ಪೆಟ್ಟಿಗೆ ತರುತ್ತೇನೆಂದು ಅವನು ಕಾರಿನತ್ತ ಹೋದ.

"ತಪ್ಪಾಯ್ತು ಕಣೇ. ದೇವರಾಣೆಗೂ ಗೊತ್ತಿರಲಿಲ್ಲ" ಎಂದು ವೆಂಕಟರಾಮು ಕೈಮುಗಿದ.

ಕಾಂತಾಮಣಿ ಕಿಟಕಿಯಿಂದ ಹೊರಗೊಮ್ಮೆ ಇಣುಕಿದಳು. ಆಮೇಲೆ ಥಿನ್ನರ್ ಬಟ್ಟೆಯನ್ನು ಎತ್ತಿ ಗಂಡನ ಕೈಗೆ ತುರುಕಿದಳು.

"ಚರಣದಲ್ಲಿ ಹಾಡು ಮರ್ತೋಗಿ, ಅಮ್ಮಾ ಅಂತ ಗೊಳೋ ಅತ್ಬಿಟ್ಟಿದ್ದೆ ರೀ. ಅವರು ಬರೋದ್ರೊಳಗೆ ಇನ್ನೊಂದು ನಾಕು ಮಾರು ಉಜ್ಜಿಬಿಡಿ."