ಹುಬ್ಬಳ್ಳಿಯ ಮೇಲೊಂದು ಮನೆ

ಒಬ್ಬಳೇ ಇರಬೇಕೆಂಬ ಆಸೆ ಸ್ವಾರ್ಥವೇ ಎಂದು ತನ್ನನ್ನೇ ಕೇಳಿಕೊಳ್ಳುತ್ತ ಶಾಲ್ಮಲಾ ಅವ್ವನ ಹಿಂದೆ ಏಣಿ ಹತ್ತಿದಳು. ಸರ್ಕಾರಿ ಲಾಟರಿಯಲ್ಲಿ ಶಾಲ್ಮಲಾಳ ಹೆಸರಿಗೆ ಬಂದ ಮನೆ ಹುಬ್ಬಳ್ಳಿಯ ತಾರಸಿಗಳ ಮೇಲೆ, ಹಗ್ಗಗಳಿಂದ ಬಿಗಿದು ಕಟ್ಟಿದ ಬಲೂನಿನಂತೆ ಗಾಳಿಯಲ್ಲಿ ತೇಲುತ್ತಿತ್ತು. ಬಾಗಿಲು ತೆರೆದರೆ ಉಣಕಲ್ ಕೆರೆ ಕಾಲ ಕೆಳಗೇ ಹೊಳೆಯಿತು. ಅವಳಿಗೆ ಕುಣಿಯುವಂತಾಯಿತು, ತಾನು ಕುಣಿದರೆ ಮನೆಯೂ ಕುಣಿದೀತೆಂದು ಕಿಟಕಿ ಹಿಡಿದು ನಿಂತಳು.

ರಾಟೆಯ ಬುಟ್ಟಿಯಲ್ಲಿ ಬಂದ, ರುಬ್ಬುವ ಒಳಕಲ್ಲನ್ನು ಅವ್ವ ಒಳಗೆಳೆದದ್ದೇ ತಡ, ಮನೆ ಮೊಳದಷ್ಟು ಕೆಳಗಿಳಿಯಿತು.

ಪಕ್ಕದ ಮನೆಯ ಹೆಂಗಸು ಕಿಟಕಿಯಿಂದ ಕೂಗಿದಳು: “ಯಕ್ಕಾ, ಮನಿ ತೇಲಸಾಕ ಬಂದೀರೋ, ಮುಳುಗಸಾಕೋ?”

“ತಡೀರಿ, ಇನ್ನ ನನ್ನ ಟ್ರಂಕ್ ಬರೋದೈತಿ!” ಎಂದು ನಕ್ಕ ಅವ್ವ ಗೋಡೆಯತ್ತ ಕೈ ತೋರಿದಳು. “ನನ್ನ ಹಾಸಿಗಿ ಇಲ್ಲಿ. ನಿಮ್ಮ ಸೋದರತ್ತಿ ಬಂದ್ರ ಅಲ್ಲಿ. ನಿನಗ ಬಾಗಿಲ ಕಡೆ ಸಾಕಲ್ಲ?”

ಹುಟ್ಟಿದಾಗಿನಿಂದ ಎಲ್ಲದಕ್ಕೂ ಹೂಂ ಎಂದವಳು ಶಾಲ್ಮಲಾ. ಈಗಲೂ ಹೂಂ ಎನ್ನಲೆಂದೇ ಬಾಯಿ ತೆರೆದಳು. ಅಷ್ಟರಲ್ಲಿ ಗಾಳಿ ಬೀಸಿ ಇಡೀ ಮನೆ ಮೆಲ್ಲಗೆ ತೂಗಿತು, ಅವಳಿಗೆ ನಗು ಬಂತು.

“ಯವ್ವಾ, ನೀ ಬೇಕಾದಾಗ ಬಾ, ಉಂಡು ಹೋಗು. ಆದ್ರ ಇಲ್ಲಿ ನಾ ಒಬ್ಬಾಕೀನ ಇರ್ತೀನಿ.”