ಖಾಲಿ ಬಿಟ್ಟ ಜಾಗ

ಉದ್ಘಾಟಕರ ಹೆಸರು ತುಂಬದಿದ್ದರೆ ಸಂಘದ ವೆಬ್‌ಸೈಟಿನಲ್ಲಿ ಆಮಂತ್ರಣದ ಪುಟವೇ ತೆರೆಯುತ್ತಿರಲಿಲ್ಲ. ಅಧ್ಯಕ್ಷರು ಸಿಡಿಮಿಡಿಗೊಂಡರು.

“ಹೆಸರಿಲ್ಲದ ಕಡೆ ‘ಗಣ್ಯರು’ ಅಂತ ತೋರಿಸೋ ಹಾಗೆ ಮಾಡ್ಲಾ ಸರ್?” ಎಂದಳು ವೆಬ್‌ಸೈಟ್ ನೋಡಿಕೊಳ್ಳುವ ಮೇದಿನಿ.

“ಗಣ್ಯರು ಯಾಕಮ್ಮಾ, ನಾನಿಲ್ವಾ? ನನ್ನ ಹೆಸರೇ ಬರ್ಲಿ.”

“ಎಲ್ಲಾ ಪುಟದಲ್ಲೂನಾ?”

“ಒಂದೂ ಬಿಡ್ಬೇಡ.”

ಅಂದಿನಿಂದ ಉದ್ಘಾಟಕರೂ ಅವರೇ, ಮುಖ್ಯ ಅತಿಥಿಯೂ ಅವರೇ. ದಿನಕ್ಕೆರಡು ಸಲ ಪುಟ ತೆರೆದು ಕಣ್ತುಂಬಿಕೊಳ್ಳುತ್ತಿದ್ದರು.

ಮೊನ್ನೆ ಹಿರಿಯ ಸದಸ್ಯರೊಬ್ಬರು ತೀರಿಕೊಂಡರು. ಗಡಿಬಿಡಿಯಲ್ಲಿ ಕಾರ್ಯದರ್ಶಿ ಮೃತರ ಹೆಸರು ತುಂಬುವುದನ್ನೇ ಮರೆತು ಶ್ರದ್ಧಾಂಜಲಿಯ ಪುಟ ಹಾಕಿಬಿಟ್ಟರು.

ಬೆಳಗ್ಗೆ ಬಾಗಿಲು ತಟ್ಟಿದ ಸದ್ದಿಗೆ ಅಧ್ಯಕ್ಷರು ಎದ್ದು ಬಂದರು. ಹಾರ ಹಿಡಿದು ನಿಂತಿದ್ದ ಖಜಾಂಚಿ ತಗ್ಗಿಸಿದ ತಲೆ ಎತ್ತದೆಯೇ ಕೇಳಿದರು: “ಬಾಡಿ ಎಷ್ಟೊತ್ತಿಗೆ ಎತ್ತೋದು?”